ಕಿತ್ತು ಬೇರೆಡೆ ನೆಟ್ಟರೆ ಗಂಧ ಬದಲಾಗುತ್ತದೆಯೇ?

ಮೊದಲ ಸಾಲಿನಿಂದ ಎರಡು ಕಾಗದದ ಪಟ್ಟಿಗಳು ಹೊರಟಿವೆ. ಒಂದರ ತುದಿಯಲ್ಲಿ ಕೆಂಪು ಗೆರೆ ಇದೆ, ಇನ್ನೊಂದರಲ್ಲಿ ಹಸಿರು. ಮೂಸಿ ನೋಡಿ ಹಿಂದಿನವರಿಗೆ ದಾಟಿಸಿ. ಕೆಂಪು ಗೆರೆಯದು ಮೂಗಿಗೆ ಚುರುಕಾಗಿ ತಾಗುತ್ತದೆ, ಗಂಟಲು ಮುಕ್ಕಳಿಸುವ ಔಷಧದ ವಾಸನೆ. ಹಸಿರು ಗೆರೆಯದು ಮೆದು, ಗುಲಾಬಿಯನ್ನು ನೆನಪಿಸುತ್ತದೆ. ಎರಡೂ ಥೈಮ್ ಗಿಡದ ಸಾರತೈಲಗಳೇ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಥೈಮಸ್ ವಲ್ಗ್ಯಾರಿಸ್. ಗಿಡಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನೀವಾಗಲಿ ನಾನಾಗಲಿ ಕಣ್ಣಿನಿಂದ ಬೇರೆ ಮಾಡಲಾರೆವು. ಮೊದಲನೆಯದರಲ್ಲಿ ಥೈಮಾಲ್ ಹೆಚ್ಚು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ನೇರವಾಗಿ ಹಚ್ಚಿದರೆ ಚರ್ಮವನ್ನೂ ಸುಡುತ್ತದೆ. ಎರಡನೆಯದರಲ್ಲಿ ಜೆರೇನಿಯಾಲ್ ಹೆಚ್ಚು, ಅದಕ್ಕೆ ಆ ಉರಿ ಇಲ್ಲ. ಒಂದೇ ಹೆಸರಿನ ಎರಡು ಬಾಟಲಿಗಳನ್ನು ಒಂದೇ ಔಷಧವೆಂದು ಕೊಡಬಹುದೇ? ಈ ಪ್ರಶ್ನೆಯೇ ಇವತ್ತಿನ ಮಾತಿಗೆ ಕಾರಣ.

ಇಂಥ ವ್ಯತ್ಯಾಸ ಕಂಡಾಗ ನಮ್ಮ ಬಾಯಿಗೆ ತಕ್ಷಣ ಬರುವ ಉತ್ತರ ‘ಬೆಳೆದ ಪ್ರದೇಶ ಬೇರೆ’ ಎಂಬುದು. ಉತ್ತರ ತಪ್ಪಲ್ಲ, ಆದರೆ ಅದು ಬಹಳ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಒಂದು ಪ್ರದೇಶವೆಂದರೆ ಅಲ್ಲಿನ ಬಿಸಿಲು, ಮಳೆ, ಚಳಿ, ಮಣ್ಣು. ಅಲ್ಲಿ ತಲೆಮಾರುಗಳಿಂದ ಉಳಿದುಬಂದ ಗಿಡದ ವಂಶವೂ ಪ್ರದೇಶವೇ. ಅಲ್ಲಿಯ ಜನ ಯಾವಾಗ ಕೊಯ್ಯುತ್ತಾರೆ, ಹೇಗೆ ಒಣಗಿಸುತ್ತಾರೆ, ಎಂಥ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ ಎಂಬುದೂ ಪ್ರದೇಶವೇ. ಈ ಮೂರನ್ನು ಬಿಡಿಸಿ ನೋಡದೆ ಊರಿನ ಹೆಸರನ್ನು ಮಾತ್ರ ಬರೆದುಕೊಂಡರೆ ಔಷಧದ ವಿಷಯದಲ್ಲಿ ನಮಗೆ ಏನೂ ತಿಳಿದಂತಾಗುವುದಿಲ್ಲ.

ಬಿಡಿಸಲು ಒಂದು ಹಳೆಯ, ಸರಳ ಪರೀಕ್ಷೆ ಇದೆ. ಗಿಡವನ್ನು ಕಿತ್ತು ಬೇರೆಡೆ ನೆಡಿ. ಗಂಧ ಬದಲಾದರೆ ಅದು ಹವೆ ಮಣ್ಣುಗಳ ಕೆಲಸ. ಬದಲಾಗದಿದ್ದರೆ ವಂಶದ್ದು. ಮುಂದೆ ನಾನು ಹೇಳುವ ಪ್ರತಿ ಉದಾಹರಣೆಗೂ ಈ ಪರೀಕ್ಷೆಯನ್ನು ಒಡ್ಡಿ ನೋಡುತ್ತಾ ಬನ್ನಿ.

ಅದಕ್ಕೆ ಮೊದಲು ತೈಲ ಎಲ್ಲಿರುತ್ತದೆ ಎಂದು ನೋಡೋಣ. ಥೈಮ್‌ನ ಒಂದು ಎಲೆಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಹಿಡಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಪ್ರತಿ ಗುಳಿಯಲ್ಲೂ ಒಂದು ಹೊಳೆಯುವ ಗುಂಡು, ಮುಂಜಾನೆಯ ಹನಿಯಂತೆ. ಅದು ಗ್ರಂಥಿ. ಕೆಳಗೆ ತೈಲ ತಯಾರಿಸುವ ಕೆಲವು ಜೀವಕೋಶಗಳು, ಅವುಗಳ ಮೇಲೆ ತೆಳುವಾದ ಪೊರೆ, ಇವೆರಡರ ನಡುವೆ ತುಂಬಿಕೊಂಡ ತೈಲ. ಸೂಜಿಯ ಮೊನೆ ತಾಗಿಸಿದರೆ ಪೊರೆ ಒಡೆದು ಗುಂಡು ಕುಸಿಯುತ್ತದೆ, ಅದೇ ಕ್ಷಣ ವಾಸನೆ ಮೇಲೇಳುತ್ತದೆ. ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ನೀವು ಮಾಡುವುದೂ ಇದನ್ನೇ, ನೂರಾರು ಗ್ರಂಥಿಗಳನ್ನು ಒಮ್ಮೆಗೇ ಒಡೆಯುತ್ತೀರಿ.

ಆ ಜೀವಕೋಶಗಳ ಒಳಗೆ ಐದು ಇಂಗಾಲಗಳ ತುಣುಕುಗಳು ಜೋಡಿಯಾಗಿ ಹತ್ತು ಇಂಗಾಲಗಳ ಮಾನೋಟರ್ಪೀನ್‌ಗಳಾಗುತ್ತವೆ. ಮೂರು ತುಣುಕು ಸೇರಿದರೆ ಹದಿನೈದು ಇಂಗಾಲಗಳ ಸೆಸ್ಕ್ವಿಟರ್ಪೀನ್‌ಗಳು. ಎಲ್ಲಾ ಗಿಡಗಳಲ್ಲೂ ಆರಂಭದ ಸರಕು ಒಂದೇ. ಕೊನೆಯ ಹಂತದಲ್ಲಿ ಯಾವ ಕಿಣ್ವ ಕುಳಿತಿದೆ ಎಂಬುದರ ಮೇಲೆ ಅದೇ ಸರಕು ಥೈಮಾಲ್ ಆಗುತ್ತದೆ, ಜೆರೇನಿಯಾಲ್ ಆಗುತ್ತದೆ, ಲಿನಲೂಲ್ ಆಗುತ್ತದೆ. ಕಿಣ್ವವನ್ನು ಕೊಡುವುದು ವಂಶ. ಕಿಣ್ವ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದನ್ನು ತೀರ್ಮಾನಿಸುವುದು ಬೆಳಕು, ಉಷ್ಣತೆ, ನೀರು ಮತ್ತು ಎಲೆಯ ವಯಸ್ಸು. ಇಷ್ಟು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ನಮ್ಮ ಪರೀಕ್ಷೆಗೆ ಹೇಳಿ ಮಾಡಿಸಿದಂಥ ಗಿಡ ಪೆಪ್ಪರ್‌ಮಿಂಟ್. ಅದು ಎರಡು ಪುದೀನ ಜಾತಿಗಳ ಮಿಶ್ರತಳಿ, ಬೀಜ ಕಟ್ಟುವುದಿಲ್ಲ. ಹಂಬಿನ ತುಂಡುಗಳನ್ನು ನೆಟ್ಟೇ ಬೆಳೆಸಬೇಕು. ಇಂಗ್ಲೆಂಡಿನ ಮಿಚಮ್ ಊರಿನ ಹೆಸರು ಹೊತ್ತ ತಳಿಯೊಂದು ಹೀಗೆ ತುಂಡುತುಂಡಾಗಿ ಅಟ್ಲಾಂಟಿಕ್ ದಾಟಿ ಅಮೆರಿಕದ ಮಿಷಿಗನ್‌ಗೆ, ಅಲ್ಲಿಂದ ಪಶ್ಚಿಮದ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಿಗೆ ಹೋಯಿತು. ವಂಶ ಒಂದೇ. ಹಾಗಾಗಿ ತೈಲದಲ್ಲಿ ಏನಾದರೂ ಬದಲಾದರೆ ಆ ಬದಲಾವಣೆಯನ್ನು ನೆಲ, ಹವೆ, ಮನುಷ್ಯನ ಕೈ ಇವುಗಳ ಲೆಕ್ಕಕ್ಕೇ ಹಾಕಬೇಕು.

ಬದಲಾಗುತ್ತದೆ, ಚೆನ್ನಾಗಿಯೇ ಬದಲಾಗುತ್ತದೆ. ಪೆಪ್ಪರ್‌ಮಿಂಟ್ ಎಲೆಯೊಳಗೆ ಪುಲೆಗೋನ್ ಎಂಬ ವಸ್ತು ಒಂದು ಕವಲುದಾರಿಯಲ್ಲಿ ನಿಂತಿರುತ್ತದೆ. ಒಂದು ದಾರಿ ಹಿಡಿದರೆ ಅದು ಮೆಂಥೋನ್ ಆಗಿ, ಆಮೇಲೆ ಮೆಂಥಾಲ್ ಆಗುತ್ತದೆ. ಇನ್ನೊಂದು ದಾರಿ ಹಿಡಿದರೆ ಮೆಂಥೋಫ್ಯುರಾನ್ ಆಗುತ್ತದೆ. ಔಷಧಕ್ಕೆ ಬೇಕಾದದ್ದು ಮೆಂಥಾಲ್. ಪುಲೆಗೋನ್ ಮತ್ತು ಮೆಂಥೋಫ್ಯುರಾನ್ ಹೆಚ್ಚಿದ್ದರೆ ಯಕೃತ್ತಿಗೆ ಕೇಡು. ದೀರ್ಘ ಹಗಲು, ತುಂಬು ಬಿಸಿಲು, ತಂಪಾದ ರಾತ್ರಿ ಇದ್ದಲ್ಲಿ ಗಿಡ ಮೊದಲನೆಯ ದಾರಿ ಹಿಡಿಯುತ್ತದೆ. ಹಗಲು ಗಿಡ್ಡವಾಗಿ, ಬೆಳಕು ಕಡಿಮೆಯಾಗಿ, ರಾತ್ರಿಯೂ ಸೆಕೆ ಇದ್ದರೆ ಎರಡನೆಯದರ ಕಡೆಗೆ ವಾಲುತ್ತದೆ. ರಾತ್ರಿ ತಂಪಾಗಿದ್ದರೆ ಎಲೆ ಹಗಲಲ್ಲಿ ಕೂಡಿಟ್ಟ ಸಕ್ಕರೆಯನ್ನು ಉಸಿರಾಟದಲ್ಲಿ ಕಳೆದುಕೊಳ್ಳುವುದು ಕಡಿಮೆ. ಆ ಉಳಿತಾಯವೇ ಮೆಂಥಾಲ್ ಕಡೆಗಿನ ರಾಸಾಯನಿಕ ಕ್ರಿಯೆಗಳಿಗೆ ಬಂಡವಾಳ. ಬೇಸಿಗೆಯಲ್ಲಿ ಹಗಲು ಬಹಳ ದೀರ್ಘವಾಗಿರುವ ಮೇಲಿನ ಅಕ್ಷಾಂಶಗಳಲ್ಲಿ ಈ ಬೆಳೆ ನೆಲೆಯೂರಿದ್ದಕ್ಕೆ ಇದು ಮುಖ್ಯ ಕಾರಣ.

ಒಂದು ಉಪಕಥೆ. ಇದೇ ಗಿಡದ ತುದಿಯ ಎಳೆ ಎಲೆಯನ್ನೂ ಬುಡದ ಬಲಿತ ಎಲೆಯನ್ನೂ ಬೇರೆ ಬೇರೆಯಾಗಿ ಭಟ್ಟಿ ಇಳಿಸಿದರೆ ಎರಡು ಪ್ರದೇಶಗಳ ತೈಲವೇನೋ ಎನ್ನುವಷ್ಟು ಅಂತರ ಕಾಣುತ್ತದೆ. ಎಳೆಯದರಲ್ಲಿ ಮೆಂಥೋನ್ ಹೆಚ್ಚು, ಬಲಿತದ್ದರಲ್ಲಿ ಮೆಂಥಾಲ್ ಹೆಚ್ಚು. ಹೂವಿನಲ್ಲಿ ಮೆಂಥೋಫ್ಯುರಾನ್. ಅಂದರೆ ಹೂಬಿಟ್ಟ ಒಂದು ವಾರ ತಡವಾಗಿ ಕೊಯ್ದವನ ತೈಲವನ್ನು ಪಕ್ಕದ ಹೊಲದವನ ತೈಲಕ್ಕೆ ಹೋಲಿಸಿ ‘ಮಣ್ಣಿನ ಗುಣ’ ಎನ್ನುವವರಿದ್ದಾರೆ. ಮಣ್ಣಿಗೆ ಬರುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಕುಡುಗೋಲಿಗೆ ಸಲ್ಲಬೇಕು ಎಂಬುದು ನನ್ನ ಅನುಭವ.

ಈಗ ಪರೀಕ್ಷೆಯ ಇನ್ನೊಂದು ತುದಿಗೆ ಹೋಗೋಣ, ಕರ್ಪೂರದ ಮರಕ್ಕೆ. ಪೂರ್ವ ಏಷ್ಯಾದ ಮರ ಇದು. ತೈವಾನ್, ಜಪಾನ್‌ಗಳಲ್ಲಿ ಇದರ ಕಟ್ಟಿಗೆಯಿಂದ ಕರ್ಪೂರ ತೆಗೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಮಡಗಾಸ್ಕರ್ ದ್ವೀಪಕ್ಕೂ ಅದನ್ನು ಒಯ್ದು ನೆಟ್ಟರು. ಇವತ್ತು ಮಡಗಾಸ್ಕರ್‌ನ ಆ ಮರಗಳ ಎಲೆಯಿಂದ ಬರುವ ‘ರವಿಂತ್ಸಾರಾ’ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಿನಿಯೋಲ್, ಅಂದರೆ ನೀಲಗಿರಿ ಎಣ್ಣೆಯಲ್ಲಿರುವ ವಸ್ತು. ಕರ್ಪೂರದ ಅಂಶ ಇಲ್ಲವೆನ್ನುವಷ್ಟು ಕಡಿಮೆ! ಕರ್ಪೂರದ ಮರ, ಆದರೆ ಕರ್ಪೂರವಿಲ್ಲ. ದ್ವೀಪದ ಹವೆ ಮರವನ್ನು ಬದಲಾಯಿಸಿತು ಎಂದು ಬಹಳ ಜನ ಬರೆದಿದ್ದಾರೆ. ಓದಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಪೂರ್ವ ಏಷ್ಯಾದ ಕಾಡುಗಳಲ್ಲೇ ಈ ಮರದ ಹಲವು ಬಗೆಗಳಿವೆ. ಕರ್ಪೂರದ್ದು, ಲಿನಲೂಲಿನದು, ಸಿನಿಯೋಲಿನದು, ಸಾಫ್ರೋಲಿನದು. ಇಂಥ ರಾಸಾಯನಿಕ ಬಗೆಯನ್ನು ಕೀಮೋಟೈಪ್ ಎನ್ನುತ್ತೇವೆ. ಒಂದು ದ್ವೀಪಕ್ಕೆ ಹಡಗಿನಲ್ಲಿ ಬಂದ ಕೆಲವೇ ಸಸಿಗಳು ಯಾವ ಬಗೆಯವೋ, ಅವುಗಳ ಸಂತತಿಯೆಲ್ಲ ಅದೇ ಬಗೆ. ಹವೆಗಿಂತ ಹಡಗಿನ ಪಾತ್ರವೇ ಇಲ್ಲಿ ದೊಡ್ಡದು ಎಂಬುದು ನನ್ನ ನಿಲುವು.

ಪ್ರದೇಶದ ಹೆಸರಿಗೆ ಎಲ್ಲವನ್ನೂ ಹೊರಿಸುವ ಅಭ್ಯಾಸಕ್ಕೆ ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲೇ ಪೆಟ್ಟು ಬಿದ್ದಿತ್ತು. ಯೂಕಲಿಪ್ಟಸ್ ಡೈವ್ಸ್ ಎಂಬ ನೀಲಗಿರಿ ಜಾತಿಯಲ್ಲಿ ನೋಡಲು ಒಂದೇ ಥರ ಇರುವ ಮರಗಳು ಬೇರೆ ಬೇರೆ ತೈಲ ಕೊಡುತ್ತವೆ ಎಂದು ಪೆನ್‌ಫೋಲ್ಡ್ ಮತ್ತು ಮಾರಿಸನ್ ಎಂಬ ವಿಜ್ಞಾನಿಗಳು 1927ರಲ್ಲಿ ವರದಿ ಮಾಡಿದರು. ಒಂದರಲ್ಲಿ ಪಿಪೆರಿಟೋನ್, ಇನ್ನೊಂದರಲ್ಲಿ ಸಿನಿಯೋಲ್. ಅದೇ ಮಣ್ಣು, ಅದೇ ಮಳೆ ಇದ್ದರೂ ತೈಲ ಬೇರೆ.

ಔಷಧಿಯ ಸಸ್ಯಗಳ ಸಭೆಯಲ್ಲಿ ಬಜೆಯ ವಿಷಯ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇಲ್ಲಿ ವ್ಯತ್ಯಾಸ ವಾಸನೆಗೆ ನಿಲ್ಲುವುದಿಲ್ಲ, ಸುರಕ್ಷತೆಯನ್ನೇ ಮುಟ್ಟುತ್ತದೆ. ಬಜೆಯ ಬೇರುಕಾಂಡದ ತೈಲದಲ್ಲಿ ಬೀಟಾ-ಅಸರೋನ್ ಎಂಬ ವಸ್ತು ಇರುತ್ತದೆ. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಅದು ಗಡ್ಡೆಗಳನ್ನು ಉಂಟುಮಾಡಿತು. 1968ರಲ್ಲಿ ಅಮೆರಿಕ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿತು. ಆದರೆ ಎಲ್ಲಾ ಬಜೆಯಲ್ಲೂ ಅದು ಒಂದೇ ಪ್ರಮಾಣದಲ್ಲಿ ಇಲ್ಲ. ಉತ್ತರ ಅಮೆರಿಕದಲ್ಲಿ ಸಹಜವಾಗಿ ಬೆಳೆಯುವ ಬಜೆಯ ಜೀವಕೋಶಗಳಲ್ಲಿ ವರ್ಣತಂತುಗಳ ಎರಡು ಗುಂಪುಗಳಿರುತ್ತವೆ, ಅದರ ತೈಲದಲ್ಲಿ ಬೀಟಾ-ಅಸರೋನ್ ಇರುವುದಿಲ್ಲ. ಯುರೋಪಿನಲ್ಲಿ ಬೆಳೆಯುವುದಕ್ಕೆ ಅಂಥ ಮೂರು ಗುಂಪು, ಅದರಲ್ಲಿ ಈ ವಸ್ತು ಸ್ವಲ್ಪ ಮಟ್ಟಿಗೆ ಇರುತ್ತದೆ. ವರ್ಣತಂತುಗಳ ನಾಲ್ಕು ಗುಂಪುಗಳಿರುವ ಏಷ್ಯಾದ ಬಜೆಯಲ್ಲಿ ತೈಲದ ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚು ಅದೇ ಆಗಿರಬಹುದು. ಒಂದು ಖಂಡದ ಬಜೆಯ ಮೇಲೆ ಮಾಡಿದ ಪ್ರಯೋಗದ ಫಲಿತಾಂಶವನ್ನು ಇನ್ನೊಂದು ಖಂಡದ ಬಜೆಗೆ ಹಚ್ಚುವುದು ಎಷ್ಟು ದೊಡ್ಡ ತಪ್ಪು ಎಂದು ಯೋಚಿಸಿ. ಅಭಯ ಕೊಡುವುದಕ್ಕೂ ಆಗದು, ಭಯ ಹುಟ್ಟಿಸುವುದಕ್ಕೂ ಆಗದು. ಪ್ರಬಂಧಗಳಲ್ಲಿ ಬರೀ ‘ಬಜೆ ತೈಲ’ ಎಂದು ಬರೆದು ಮುಂದೆ ಹೋಗಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಾವಂಚದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಎಂಬ ಉಪಕರಣವಿರುತ್ತದೆ. ಉದ್ದನೆಯ ಗಾಜಿನ ನಳಿಕೆಗೆ ತೈಲ ತುಂಬಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಹಳದಿ ಬೆಳಕನ್ನು ಅದರ ಮೂಲಕ ಹಾಯಿಸಬೇಕು. ಇನ್ನೊಂದು ತುದಿಯಲ್ಲಿ ಕಣ್ಣಿಟ್ಟು ಬಿಲ್ಲೆಯನ್ನು ತಿರುಗಿಸುತ್ತಾ ಹೋದರೆ, ವೃತ್ತದ ಎರಡು ಅರ್ಧಗಳು ಸಮವಾಗಿ ಮಬ್ಬಾಗುವ ಒಂದು ಹಂತ ಬರುತ್ತದೆ. ತೈಲ ಬೆಳಕನ್ನು ಎಷ್ಟು ತಿರುಗಿಸಿತು, ಯಾವ ಕಡೆಗೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಉತ್ತರ ಭಾರತದ ಕಾಡು ಲಾವಂಚದ ತೈಲ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ. ದಕ್ಷಿಣ ಭಾರತ, ಹೈಟಿ, ರಿಯೂನಿಯನ್, ಜಾವಾದ ತೈಲಗಳು ಬಲಕ್ಕೆ. ನಾನು ಮೊದಲ ಸಲ ಎರಡನ್ನೂ ಒಂದೇ ಮಧ್ಯಾಹ್ನ ಅಳೆದಾಗ ಉಪಕರಣ ಕೆಟ್ಟಿದೆಯೆಂದುಕೊಂಡು ನಳಿಕೆ ತೊಳೆದು ಮತ್ತೆ ಅಳೆದಿದ್ದೆ. ಒಂದು ಬೇರು ತಯಾರಿಸುವ ಅಣುವಿನ ಕನ್ನಡಿ ಬಿಂಬವನ್ನು ಇನ್ನೊಂದು ಬೇರು ತಯಾರಿಸುತ್ತದೆ. ಮಣ್ಣಾಗಲಿ ಮಳೆಯಾಗಲಿ ಬಲಗೈಯನ್ನು ಎಡಗೈ ಮಾಡಲಾರವು, ಅದಕ್ಕೆ ಬೇರೆ ಕಿಣ್ವವೇ ಬೇಕು. ಉತ್ತರದ್ದು ಬೀಜ ಕಟ್ಟುವ ವಂಶ, ದಕ್ಷಿಣದ್ದು ಬುಡ ಸೀಳಿ ನೆಡುವ ವಂಶ.

ಹಾಗಾದರೆ ಬಲಕ್ಕೆ ತಿರುಗಿಸುವ ಹೈಟಿ ಮತ್ತು ಜಾವಾ ತೈಲಗಳು ಒಂದೇ ಥರ ಇರಬೇಕಲ್ಲವೇ? ಇಲ್ಲ. ಜಾವಾದ್ದರಲ್ಲಿ ಹೊಗೆಯ ವಾಸನೆ ಎದ್ದು ಕಾಣುತ್ತದೆ, ಹೈಟಿಯದು ಸ್ವಚ್ಛ, ಸಿಹಿ. ಇಲ್ಲಿ ಬೇರು ಎಷ್ಟು ತಿಂಗಳು ನೆಲದಲ್ಲಿತ್ತು, ಹಂಡೆಗೆ ಎಂಥ ಬೆಂಕಿ, ಎಷ್ಟು ಒತ್ತಡ ಎಂಬುದೆಲ್ಲ ಸೇರಿಕೊಳ್ಳುತ್ತದೆ. ಮನುಷ್ಯನ ಕೈ ಎಂದು ಆಗಲೇ ಹೇಳಿದ್ದು ಇದನ್ನೇ.

ಎತ್ತರದ ಬಗ್ಗೆ ಈಗ ನಿಮ್ಮಲ್ಲಿ ಕೆಲವರು ಚೀಟಿ ಕಳುಹಿಸಿದ್ದೀರಿ. ಎತ್ತರದ ಜಾಗದಲ್ಲಿ ಬೆಳೆದ ಗಿಡವೇ ಶ್ರೇಷ್ಠವೇ ಎಂಬ ಪ್ರಶ್ನೆ. ಈ ನಂಬಿಕೆ ಬಹುಮಟ್ಟಿಗೆ ಲ್ಯಾವೆಂಡರ್‌ನಿಂದ ಬಂದದ್ದು. ಫ್ರಾನ್ಸಿನ ಹೋಟ್-ಪ್ರೊವಾನ್ಸ್‌ನ ಲ್ಯಾವೆಂಡರ್ ತೈಲಕ್ಕೆ ಪ್ರದೇಶದ ಹೆಸರಿನ ಕಾನೂನು ರಕ್ಷಣೆ ಇದೆ, ಗಿಡ 800 ಮೀಟರಿಗಿಂತ ಮೇಲೆ ಬೆಳೆದಿರಬೇಕು ಎಂಬ ಷರತ್ತಿದೆ. ಆ ತೈಲದ ಸೊಗಸಿಗೆ ಲಿನಲೈಲ್ ಅಸಿಟೇಟ್ ಎಂಬ ಎಸ್ಟರ್ ಕಾರಣ. ಬಿಸಿ ನೀರು ತಾಗಿದರೆ ಅದು ಒಡೆದು ಲಿನಲೂಲ್ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. 2000 ಮೀಟರ್ ಎತ್ತರದಲ್ಲಿ ಸುಮಾರು 93 ಡಿಗ್ರಿಗೇ ಕುದಿತ. ಅಂದರೆ ಅಲ್ಲೇ ಮೇಲೆ ಭಟ್ಟಿ ಇಳಿಸಿದ ತೈಲದಲ್ಲಿ ಎಸ್ಟರ್ ಉಳಿಯುವ ಸಾಧ್ಯತೆ ಹೆಚ್ಚು. ಬೆಟ್ಟದ ಗಿಡಕ್ಕೆ ಕೊಟ್ಟ ಕೀರ್ತಿಯಲ್ಲಿ ಬೆಟ್ಟದ ಹಂಡೆಗೂ ಪಾಲಿದೆ. ಇನ್ನು ತಗ್ಗಿನಲ್ಲಿ ಬೆಳೆಯುವುದು ಬಹುತೇಕ ಲ್ಯಾವೆಂಡಿನ್ ಎಂಬ ಮಿಶ್ರತಳಿ, ಕರ್ಪೂರದ ಅಂಶ ಹೆಚ್ಚಿರುವ ಬೇರೆಯೇ ಗಿಡ. ಅದನ್ನು ಇದರ ಜೊತೆ ಹೋಲಿಸಿ ಎತ್ತರವನ್ನು ಹೊಗಳುವುದು ನ್ಯಾಯವಲ್ಲ.

ಗ್ರೀಸಿನ ಕಾಡು ಒರೆಗಾನೊ ಇದಕ್ಕೆ ನೇರ ವಿರುದ್ಧ ಸಾಕ್ಷಿ ಹೇಳುತ್ತದೆ. ಅಲ್ಲಿ ತಗ್ಗಿನ, ಬಿಸಿಯಾದ, ಒಣ ಜಾಗಗಳ ಗಿಡಗಳಲ್ಲಿ ತೈಲ ಹೇರಳ. ಬೆಟ್ಟ ಹತ್ತಿದಂತೆ ಪ್ರಮಾಣ ಇಳಿಯುತ್ತದೆ. ಹಾಗಾಗಿ ‘ಎತ್ತರ ಒಳ್ಳೆಯದು’ ಎಂಬ ಸಾಮಾನ್ಯ ನಿಯಮ ಇಲ್ಲ. ಯಾವ ಗಿಡ, ಅದರ ಯಾವ ವಸ್ತು ನಮಗೆ ಬೇಕು ಎಂದು ಕೇಳದೆ ಉತ್ತರ ಹೇಳಲಾಗದು.

ಪ್ರಮಾಣದ ಮಾತು ಬಂದಿದ್ದರಿಂದ ಕೊತ್ತಂಬರಿಯನ್ನೂ ಹೇಳಿಬಿಡುತ್ತೇನೆ. ಉಷ್ಣವಲಯದ ದಪ್ಪ ಕೊತ್ತಂಬರಿ ಕಾಳಿನಲ್ಲಿ ಶೇಕಡಾ 0.1ರಿಂದ 0.35ರಷ್ಟು ತೈಲವಿದ್ದರೆ, ರಷ್ಯಾದಂಥ ಸಮಶೀತೋಷ್ಣ ಪ್ರದೇಶಗಳ ಸಣ್ಣ ಕಾಳಿನಲ್ಲಿ ಶೇಕಡಾ 0.8ರಿಂದ 1.8ರವರೆಗೆ ಇರುತ್ತದೆ. ಕಾಳಿನ ಗಾತ್ರ ವಂಶದ್ದು, ಆ ವಂಶ ಅಲ್ಲಿ ಉಳಿದದ್ದು ಹವೆಯಿಂದ.

ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುವ ಒಂದು ಘಟನೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೋಸ್‌ಮೇರಿ ತೈಲದ ಒಂದು ಮಾದರಿ ಪರೀಕ್ಷೆಗೆ ಬಂತು. ತೈಲದ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಉಪಕರಣದ ನಕ್ಷೆಯಲ್ಲಿ ಸಿನಿಯೋಲ್‌ನ ಶಿಖರ ಗಿಡ್ಡವಾಗಿತ್ತು, ವರ್ಬೆನೋನ್‌ನದು ಎತ್ತರವಾಗಿತ್ತು. ನನ್ನ ಕಡತದಲ್ಲಿದ್ದ ಮಾನಕ ಮೊರಾಕೊದ್ದು, ಸಿನಿಯೋಲ್ ತುಂಬಿದ್ದು. ಹೊಂದಲಿಲ್ಲ ಎಂದು ‘ಕಲಬೆರಕೆ’ ಎಂದು ಬರೆದು ಸಹಿ ಹಾಕಿದೆ. ವರ್ಬೆನೋನ್ ಹೆಚ್ಚಿರುವ ರೋಸ್‌ಮೇರಿ ಕಾರ್ಸಿಕಾ ದ್ವೀಪದಲ್ಲಿ ಸಹಜವಾಗಿ ಬೆಳೆಯುತ್ತದೆ ಎಂದು ನನಗೆ ತಿಳಿದದ್ದು ತಿಂಗಳುಗಳ ನಂತರ. ಅಷ್ಟರಲ್ಲಿ ಶುದ್ಧವಾದ ಒಂದು ಸರಕು ತಿರಸ್ಕೃತವಾಗಿತ್ತು, ಅದನ್ನು ಬೆಳೆದವರ ಮಾತಿಗೆ ಬೆಲೆ ಹೋಗಿತ್ತು. ಮಾನಕ ಎಂಬುದು ಯಾವುದೋ ಒಂದು ಜಾಗದ ಗಿಡವನ್ನು ಅಳೆದು ಬರೆದ ಅಂಕಿ. ಅದನ್ನು ಇಡೀ ಜಾತಿಯ ಲಕ್ಷಣ ಎಂದುಕೊಂಡದ್ದು ನನ್ನ ತಪ್ಪು. ಇಲ್ಲಿರುವ ವಿದ್ಯಾರ್ಥಿಗಳು ಆ ತಪ್ಪು ಮಾಡಬಾರದು ಎಂದೇ ಇದನ್ನು ಹೇಳುತ್ತಿದ್ದೇನೆ.

ತೈಲ ನೋಡಿ ಊರು ಹೇಳಬಹುದೇ? ಜೆರೇನಿಯಂ ತೈಲದಲ್ಲಿ ಹಾಗೆ ಹೇಳುವ ರೂಢಿ ಇದೆ. 10-ಎಪಿ-ಗಾಮಾ-ಯೂಡೆಸ್ಮಾಲ್ ಕಂಡರೆ ಈಜಿಪ್ಟ್, ಗ್ವಾಯಾ-6,9-ಡೈಈನ್ ಕಂಡರೆ ರಿಯೂನಿಯನ್. ಆದರೆ ಚೀನಾದ ತೈಲದಲ್ಲೂ ಎರಡನೆಯ ಗುರುತೇ ಇದೆ. ಕಡ್ಡಿ ನೆಟ್ಟು ಬೆಳೆಸುವ ಗಿಡದಲ್ಲಿ ಗುರುತು ಕಡ್ಡಿಯ ಜೊತೆ ಪ್ರಯಾಣ ಮಾಡುತ್ತದೆ, ನೆಲದಲ್ಲಿ ಉಳಿಯುವುದಿಲ್ಲ. ನೆಲದ ನಿಜವಾದ ಸಹಿ ಬೇಕಿದ್ದರೆ ನೀರಿನಲ್ಲಿ ಹುಡುಕಬೇಕು. ಮಳೆಯ ನೀರಿನಲ್ಲಿ ಸಾಮಾನ್ಯ ಜಲಜನಕದ ಜೊತೆ ಭಾರದ ಜಲಜನಕವೂ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಧ್ರುವಗಳ ಕಡೆಗೆ ಹೋದಂತೆ, ಬೆಟ್ಟ ಹತ್ತಿದಂತೆ ಮಳೆಯಲ್ಲಿ ಅದರ ಪಾಲು ತಗ್ಗುತ್ತದೆ. ಗಿಡ ಕುಡಿದದ್ದು ಆ ನೀರನ್ನೇ, ತೈಲದ ಅಣುಗಳಿಗೆ ಜಲಜನಕ ಬಂದದ್ದೂ ಅದರಿಂದಲೇ. ಕಡ್ಡಿ ಎಲ್ಲಿಂದಲೇ ಬಂದಿರಲಿ, ಅದು ಯಾವ ಸೀಮೆಯ ಮಳೆ ಕುಡಿಯಿತು ಎಂಬುದರ ಅಂದಾಜು ಸಿಗುತ್ತದೆ. ಈ ಅಳತೆ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ಆರಂಭದ ಕಾಗದದ ಪಟ್ಟಿಗಳು ಹಿಂದಿನ ಸಾಲು ಮುಟ್ಟಿ ವಾಪಸು ಬರುತ್ತಿವೆ, ನಾನೂ ಥೈಮ್‌ಗೆ ಮರಳುತ್ತೇನೆ. ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆ ನಗರದ ಉತ್ತರಕ್ಕೆ ಸೇಂಟ್ ಮಾರ್ಟಿನ್ ದ ಲೋಂದ್ರ್ ಎಂಬ ಬೋಗುಣಿಯಂಥ ಕಣಿವೆ ಇದೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ತಳದಲ್ಲಿ ಕೊರೆಯುವ ಚಳಿ, ಸುತ್ತಲ ದಿಣ್ಣೆಗಳ ಮೇಲೆ ಅಷ್ಟಿಲ್ಲ. ಈ ಪ್ರದೇಶದಲ್ಲಿ ಥೈಮ್‌ನ ಆರು ಕೀಮೋಟೈಪ್‌ಗಳಿವೆ. ದಿಣ್ಣೆಗಳ ಮೇಲೆ ಥೈಮಾಲ್‌ನ ಗಿಡಗಳು, ಅದರಂತೆಯೇ ಚುರುಕಾದ ಕಾರ್ವಕ್ರಾಲ್‌ನ ಗಿಡಗಳು. ತಳದಲ್ಲಿ ಜೆರೇನಿಯಾಲ್, ಲಿನಲೂಲ್ ಮೊದಲಾದವು. ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಕೆಂಪು ಪಟ್ಟಿ ಹಸಿರಾಗಿಬಿಡುತ್ತದೆ.

ವಿಜ್ಞಾನಿಗಳು ಅಲ್ಲಿ ನಮ್ಮ ಪರೀಕ್ಷೆಯನ್ನೇ ಮಾಡಿದರು. ದಿಣ್ಣೆಯ ಬಗೆಯನ್ನು ತಳದಲ್ಲಿ, ತಳದ ಬಗೆಯನ್ನು ದಿಣ್ಣೆಯಲ್ಲಿ ನೆಟ್ಟರು. ಗಿಡಗಳು ತಮ್ಮ ಬಗೆ ಬಿಡಲಿಲ್ಲ, ಆದರೆ ತಮ್ಮದಲ್ಲದ ಜಾಗದಲ್ಲಿ ಸೊರಗಿದವು. ಥೈಮಾಲ್ ಬಗೆ ಚಳಿಗಾಲದ ಆರಂಭದ ಕಡು ಹಿಮಕ್ಕೆ ಸೋಲುತ್ತದೆ, ತಳದ ಬಗೆಗಳು ಬೇಸಿಗೆಯ ಬರಕ್ಕೆ ಸೋಲುತ್ತವೆ. ಹವೆ ಒಂದು ಗಿಡದ ಗಂಧದ ಬಗೆಯನ್ನು ಬದಲಾಯಿಸಲಿಲ್ಲ. ಯಾವ ಗಂಧದ ಗಿಡ ಬದುಕಬೇಕು ಎಂಬುದನ್ನು ಆಯ್ದುಕೊಂಡಿತು, ತಲೆಮಾರಿನಿಂದ ತಲೆಮಾರಿಗೆ. ವಂಶ ಮತ್ತು ಹವೆ ಬೇರೆ ಬೇರೆ ಎಂದು ಇಷ್ಟು ಹೊತ್ತು ಬಿಡಿಸುತ್ತಾ ಬಂದೆನಲ್ಲ, ಈ ಕಣಿವೆಯಲ್ಲಿ ಅವು ಮತ್ತೆ ಒಂದಾಗಿ ಕಾಣುತ್ತವೆ.

1970ರ ದಶಕದಲ್ಲಿ ಈ ಕಣಿವೆಯಲ್ಲಿ ಯಾವ ಬಗೆ ಎಲ್ಲಿದೆ ಎಂದು ಗುರುತಿಸಿಟ್ಟಿದ್ದರು. ಸುಮಾರು ನಾಲ್ಕು ದಶಕಗಳ ನಂತರ ಅದೇ ಜಾಗಗಳಿಗೆ ಹೋಗಿ ಮತ್ತೆ ಎಲೆ ಕಿತ್ತು ನೋಡಿದರು. ಈ ನಡುವೆ 1956ರ ಫೆಬ್ರವರಿಯಂಥ ಕಡು ಚಳಿ ಅಪರೂಪವಾಗಿತ್ತು. ಹಿಂದೆ ಥೈಮಾಲ್, ಕಾರ್ವಕ್ರಾಲ್ ಬಗೆಗಳು ಇಲ್ಲದಿದ್ದ ತಳದ ಜಾಗಗಳಲ್ಲೂ ಅವು ಈಗ ಬೇರೂರಿದ್ದವು. ಊರಿನ ಹೆಸರು ಅದೇ, ಮಣ್ಣು ಅದೇ, ಗಿಡದ ಹೆಸರೂ ಅದೇ. ಇವತ್ತು ಆ ತಳದಿಂದ ಎಲೆ ತಂದು ಭಟ್ಟಿ ಇಳಿಸಿದರೆ, ನಿಮ್ಮ ಕೈಯಲ್ಲಿರುವ ಹಸಿರು ಪಟ್ಟಿಯಲ್ಲಿ ಕೆಂಪಿನ ಆ ಚುರುಕು ವಾಸನೆಯೂ ಬರಬಹುದು.